ಬಾಡಿಗೆಗೆಂದು ಮನೆ ಕೊಳ್ಳುವ ಮುನ್ನ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಹಿರಿಯರು ಹೇಳಿಟ್ಟಿದ್ದಾರೆ. ಈಗಿನ ಕಾಲಕ್ಕೆ ಅದರ ಜೊತೆ 'ಕಟ್ಟಿದ ಮನೆ ಕೊಂಡು ನೋಡು' ಅಂತಲೂ ಸೇರಿಸಬೇಕೇನೋ! ನಾವೇ ಕಟ್ಟಿಸುವಾಗ ಪಾಯಕ್ಕೆ ಏನು ಹಾಕಿದರು, ಗೋಡೆಗೆ ಎಷ್ಟು ದಿನ ನೀರು ಹೊಡೆದರು ಎಂಬುದಾದರೂ ಕಣ್ಣೆದುರಿಗೆ ಇರುತ್ತದೆ. ಕಟ್ಟಿದ ಮನೆಯಲ್ಲಿ ಎಲ್ಲವೂ ಹೊಸ ಬಣ್ಣದ ಹಿಂದೆ ಅಡಗಿ ಕೂತಿರುತ್ತದೆ.

ನಮ್ಮ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಡೆ ಕೈಯಲ್ಲಿ ನಾಲ್ಕು ಕಾಸು ಕೂಡಿತೆಂದರೆ ಮೊದಲು ಬರುವ ಮಾತು ಒಂದೇ, 'ಒಂದು ಮನೆ ಕೊಂಡು ಬಾಡಿಗೆಗೆ ಬಿಟ್ಟುಬಿಡೋಣ.' ಯಜಮಾನರ ನಿವೃತ್ತಿಯ ಹಣ, ಹೊಲ ಮಾರಿದ ದುಡ್ಡು, ಎರಡು ಬೆಳೆ ಭತ್ತ ಚೆನ್ನಾಗಿ ಬಂದಾಗ ಉಳಿದದ್ದು, ಸಾಲದ್ದಕ್ಕೆ ನಮ್ಮ ಬಳೆ ಸರಗಳನ್ನು ಬ್ಯಾಂಕಿನಲ್ಲಿಟ್ಟು ತಂದದ್ದು, ಎಲ್ಲವೂ ಆ ಒಂದು ಮನೆಗೆ ಹೋಗುತ್ತದೆ. ಮಗಳ ಓದು, ಮುಂದಿನ ಮದುವೆ, ನಮ್ಮ ಮುಪ್ಪಿನ ಔಷಧಿಯ ಖರ್ಚು ಎಲ್ಲಕ್ಕೂ ಅದೇ ಆಧಾರ ಎಂದುಕೊಂಡಿರುತ್ತೇವೆ.

ಆದರೆ ಮನೆ ನೋಡಲು ಹೋಗುವವರು ಯಾರು? ಯಜಮಾನರು, ಅವರ ಸ್ನೇಹಿತರೊಬ್ಬರು, ಜೊತೆಗೊಬ್ಬ ದಲ್ಲಾಳಿ. ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಮಾತು ಮುಗಿದೇ ಹೋಗಿರುತ್ತದೆ. ನಮಗೆ ಗೊತ್ತಾಗುವುದು ಒಡವೆ ಕೇಳಿದಾಗ, ಇಲ್ಲವೆ ಹಾಲು ಉಕ್ಕಿಸಲು ಕರೆದಾಗ!

ಸೋದರಿಯರೇ, ಇದು ಬದಲಾಗಬೇಕು. ಬಾಡಿಗೆ ಮನೆಯ ಗುಣ ಎಂದರೆ ಇಷ್ಟೇ ನೋಡಿ. ಬಂದ ಸಂಸಾರ ಬೇಸರಪಡದೆ ವರ್ಷಗಟ್ಟಲೆ ನಿಲ್ಲಬೇಕು. ಬಂದ ಬಾಡಿಗೆ ರಿಪೇರಿಗೆ ಸೋರಿಹೋಗದೆ ಕೈಯಲ್ಲಿ ಉಳಿಯಬೇಕು. ಬಾಡಿಗೆ ಕರಾರಿಗೆ ಸಹಿ ಹಾಕುವವರು ಗಂಡಸರಾದರೂ, ಆ ಮನೆಯಲ್ಲಿ ಇರೋಣವೋ ಬಿಡೋಣವೋ ಎಂದು ತೀರ್ಮಾನಿಸುವವಳು ಅಲ್ಲಿ ದಿನವಿಡೀ ಇರುವ ಹೆಂಗಸು. ನೀರು ಬಾರದಿದ್ದರೆ, ಬಚ್ಚಲು ಕಟ್ಟಿಕೊಂಡರೆ, ಅಡಿಗೆಮನೆ ಕುಲುಮೆಯಾದರೆ 'ಬೇರೆ ಮನೆ ನೋಡ್ರಿ' ಎನ್ನುವವಳು ಅವಳೇ. ಹಾಗಿದ್ದ ಮೇಲೆ ಇಂಥ ಮನೆಯನ್ನು ಅಳೆಯಲು ನಮಗಿಂತ ಬಲ್ಲವರು ಯಾರಿದ್ದಾರೆ?

ಮೊದಲು ಒಂದು ಸಣ್ಣ ಲೆಕ್ಕ

ಮನೆ ನೋಡುವ ಮೊದಲು ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲೇ ಒಂದು ಪುಟ ತೆಗೆಯಿರಿ. ಉದಾಹರಣೆಗೆ, ಮನೆಯ ಬೆಲೆ 30 ಲಕ್ಷ ಎಂದಿಟ್ಟುಕೊಳ್ಳೋಣ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಎಲ್ಲಾ ಸೇರಿ ನೂರಕ್ಕೆ ಏಳೆಂಟು ರೂಪಾಯಿ ಆಗುತ್ತದೆ. (ನಮ್ಮ ರಾಜ್ಯದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ನೂರಕ್ಕೆ 1 ಇದ್ದದ್ದು 2 ಆಗಿದೆ.) ಅದಕ್ಕೆ ಸುಮಾರು ಎರಡೂಕಾಲು ಲಕ್ಷ. ಬಣ್ಣ, ಸಣ್ಣಪುಟ್ಟ ರಿಪೇರಿಗೆ ಮುಕ್ಕಾಲು ಲಕ್ಷ. ಅಲ್ಲಿಗೆ ಮನೆ ಬಿದ್ದದ್ದು 33 ಲಕ್ಷಕ್ಕೆ.

ತಿಂಗಳಿಗೆ 9,000 ಬಾಡಿಗೆ ಬಂದರೆ ವರ್ಷಕ್ಕೆ 1,08,000. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಬಿದ್ದರೆ 9,000 ಕಳೆಯಿರಿ. ಮನೆ ಕಂದಾಯಕ್ಕೆ 5,000, ನಲ್ಲಿ, ಮೋಟಾರು, ಸುಣ್ಣಬಣ್ಣ ಅಂತ 15,000 ಇಡಿ. ಉಳಿದದ್ದು 79,000 ರೂಪಾಯಿ. ಹಾಕಿದ 33 ಲಕ್ಷಕ್ಕೆ ಇದು ನೂರಕ್ಕೆ ಎರಡೂವರೆ ರೂಪಾಯಿಯೂ ಅಲ್ಲ! ಅದೇ ಹಣವನ್ನು ನೂರಕ್ಕೆ 6ರಂತೆ ಬ್ಯಾಂಕಿನಲ್ಲಿ ಮುದ್ದತು ಠೇವಣಿ ಇಟ್ಟರೆ ವರ್ಷಕ್ಕೆ 1,98,000 ಬರುತ್ತದೆ.

'ಹಾಗಾದರೆ ಮನೆ ಕೊಳ್ಳಲೇಬಾರದೇ?' ಅಂತೀರಾ? ಕೊಳ್ಳಬಹುದು. ನೆಲದ ಬೆಲೆ ಏರುತ್ತದೆ, ಬಾಡಿಗೆಯೂ ವರ್ಷವರ್ಷ ಒಂದಿಷ್ಟು ಹೆಚ್ಚುತ್ತದೆ, ನಾಳೆ ಮಕ್ಕಳಿಗೊಂದು ಸೂರು ಆಗುತ್ತದೆ. ಆದರೆ ಕೈಗೆ ಬರುವುದು ಇಷ್ಟು ಕಡಿಮೆ ಇರುವಾಗ ಒಂದು ತಪ್ಪು ಮನೆ ಎಲ್ಲವನ್ನೂ ನುಂಗಿಬಿಡುತ್ತದೆ. ಪಾಯ ಕುಸಿದು 3 ಲಕ್ಷದ ರಿಪೇರಿ ಬಂದರೆ ಹತ್ತಿರ ಹತ್ತಿರ ನಾಲ್ಕು ವರ್ಷದ ಬಾಡಿಗೆ ಅದಕ್ಕೇ ಹೋಯಿತು.

ಸಾಲ ಮಾಡಿ ಕೊಳ್ಳುವವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ನೂರಕ್ಕೆ ಎಂಟೂವರೆ ಬಡ್ಡಿಯಲ್ಲಿ 20 ವರ್ಷಕ್ಕೆ 10 ಲಕ್ಷ ಸಾಲ ತೆಗೆದರೆ ತಿಂಗಳ ಕಂತು ಸುಮಾರು 8,680 ರೂಪಾಯಿ. ಸಾಲ 20 ಲಕ್ಷವಾದರೆ ಕಂತು 17,000 ದಾಟುತ್ತದೆ. ಮೇಲೆ ಹೇಳಿದ ಬಾಡಿಗೆ ಅದರ ಅರ್ಧಕ್ಕೆ ಸ್ವಲ್ಪ ಹೆಚ್ಚು, ಅಷ್ಟೇ. ಉಳಿದದ್ದನ್ನು ಮನೆಖರ್ಚಿನಿಂದಲೇ ತೆಗೆಯಬೇಕು. 'ಬಾಡಿಗೆಯೇ ಕಂತು ಕಟ್ಟಿಕೊಂಡು ಹೋಗುತ್ತದೆ' ಎನ್ನುವ ದಲ್ಲಾಳಿಯ ಮಾತನ್ನು ಕಾಗದದ ಮೇಲೆ ಬರೆದು ತೋರಿಸಲು ಹೇಳಿ ನೋಡಿ!

ನಮ್ಮ ನೆಲ ಎರೆಮಣ್ಣಿನದು

ಮೈಸೂರಿನವರಿಗೋ ಮಂಗಳೂರಿನವರಿಗೋ ಇಲ್ಲದ ಒಂದು ಚಿಂತೆ ನಮಗಿದೆ. ಬಳ್ಳಾರಿ ಸುತ್ತಮುತ್ತ, ಸಿರುಗುಪ್ಪ, ಕುರುಗೋಡಿನ ಬಯಲುಗಳಲ್ಲಿ ಬಹುಪಾಲು ಕಪ್ಪು ಎರೆಮಣ್ಣು. ಹತ್ತಿಗೆ, ಜೋಳಕ್ಕೆ ಅದು ಬಂಗಾರ. ಮನೆಗೆ ಮಾತ್ರ ಕಾಟ. ಈ ಮಣ್ಣು ನೀರು ಕುಡಿದಾಗ ಹಿಟ್ಟು ಉಬ್ಬಿದ ಹಾಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಪಾಯ ಮೇಲೆ ಮೇಲೇ ಇದ್ದರೆ ಮನೆಯೂ ವರ್ಷಕ್ಕೊಮ್ಮೆ ಅದರ ಜೊತೆ ಏರಿ ಇಳಿಯುತ್ತದೆ. ಗೋಡೆ ಸೀಳದೆ ಇನ್ನೇನು ಮಾಡೀತು?

ಇಂಥ ನೆಲದಲ್ಲಿ ಎರೆ ಮುಗಿದು ಗರಸು, ಗಟ್ಟಿ ನೆಲ ಸಿಗುವವರೆಗೆ ಪಾಯ ಇಳಿಯಬೇಕು. ಎರೆಯ ಪದರ ತುಂಬಾ ಆಳವಿದ್ದರೆ ನೆಲದೊಳಗೆ ಕಾಂಕ್ರೀಟ್ ಕಂಬಗಳನ್ನು ಇಳಿಸಿ, ಬುಡದಲ್ಲಿ ಅಗಲ ಮಾಡಿ, ಅವುಗಳ ಮೇಲೆ ಕಂಬಿ ಹಾಕಿದ ತೊಲೆ ಕೂಡಿಸಿ ಗೋಡೆ ಎಬ್ಬಿಸುವ ಪದ್ಧತಿಯಿದೆ. ಇದನ್ನು ನಮ್ಮ ದೇಶದಲ್ಲಿ ರೂಢಿಗೆ ತಂದದ್ದು ರೂರ್ಕಿಯಲ್ಲಿರುವ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ. ಸಣ್ಣ ಮನೆಗಳಲ್ಲಿ ಕಡೇಪಕ್ಷ ಪಾಯದ ಮೇಲೆ ಮನೆ ಸುತ್ತ ಕಂಬಿ ಹಾಕಿದ ಕಾಂಕ್ರೀಟ್ ಪಟ್ಟಿ ಇರಬೇಕು.

ಕಟ್ಟಿದ ಮನೆಯ ಪಾಯ ನಮಗೆ ಕಾಣುವುದಿಲ್ಲ, ನಿಜ. ಆದರೆ ಕೇಳಬಹುದಲ್ಲ! ಮಾರುವವರನ್ನು ಕೇಳಿದರೆ 'ಏಳಡಿ ಹೋಗೇವ್ರೀ' ಎನ್ನುತ್ತಾರೆ. ಅದೇ ಓಣಿಯಲ್ಲಿ ಈಗ ಯಾರಾದರೂ ಪಾಯ ತೋಡಿಸುತ್ತಿದ್ದರೆ ಹೋಗಿ ಎರೆ ಎಷ್ಟು ಆಳಕ್ಕಿದೆ ನೋಡಿ. ಮನೆ ಕಟ್ಟಿದ ಮೇಸ್ತ್ರಿ ಊರಲ್ಲೇ ಇದ್ದರೆ ವಿಚಾರಿಸಿ. ಕುರುಗೋಡಿನಲ್ಲಿ ಗುಡ್ಡದ ಬುಡದ ಕಡೆ ಕಲ್ಲು ನೆಲ ಬೇಗ ಸಿಗುತ್ತದೆ, ಬಯಲಿನ ಕಡೆ ಎರೆ. ಒಂದೇ ಊರಿನಲ್ಲಿ ಎರಡು ಬಗೆಯ ನೆಲ ಇರುವುದರಿಂದ 'ಪಕ್ಕದ ಓಣಿಯ ಮನೆ ಚೆನ್ನಾಗಿದೆಯಲ್ಲ' ಎಂದು ಸುಮ್ಮನಾಗಬೇಡಿ.

ಸಿರುಗುಪ್ಪ ಕಡೆಯ ಮಾತು ಬೇರೆ. ಅಲ್ಲಿ ತುಂಗಭದ್ರಾ ಕಾಲುವೆಯ ನೀರು ಬಂದು ಭತ್ತದ ಸೀಮೆಯಾಯಿತು, ಜೊತೆಗೆ ಎಷ್ಟೋ ಕಡೆ ನೆಲದಲ್ಲಿ ಜವಳು, ಸವಳು ಏರಿತು. ಗದ್ದೆಗೆ ಮಣ್ಣು ತುಂಬಿ ಮಾಡಿದ ನಿವೇಶನದಲ್ಲಿ ಮಣ್ಣು ಕೂರುವ ಮೊದಲೇ ಕಟ್ಟಿದ ಮನೆಯಾದರೆ ಗೋಡೆಯ ಬುಡ ಸದಾ ತೇವ. ಮೊಣಕಾಲೆತ್ತರದವರೆಗೆ ಬಣ್ಣ ಉದುರಿ ಬಿಳೀ ಉಪ್ಪು ಹಿಟ್ಟಿನಂತೆ ಕೈಗೆ ಅಂಟಿದರೆ ಆ ಗೋಡೆ ನೆಲದ ನೀರು ಹೀರುತ್ತಿದೆ ಎಂದೇ ಅರ್ಥ. ಮೇಲೆ ಎಷ್ಟು ಬಣ್ಣ ಬಳಿದರೂ ಮರುವರ್ಷ ಅದೇ ಗತಿ. ಹೊಳೆ ಹಳ್ಳಗಳ ಹತ್ತಿರದ ಮನೆಯಾದರೆ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಓಣಿಯ ಹಿರಿಯರನ್ನು ಕೇಳಿ. ಅವರು ಗೋಡೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ.

ಎಲ್ಲ ಬಿರುಕೂ ಒಂದೇ ಅಲ್ಲ

ಬಿರುಕು ಕಂಡ ಕೂಡಲೆ ಹೆದರಿ ಓಡಬೇಕಾಗಿಲ್ಲ. ಗಾರೆಯ ಮೇಲೆ ಕೂದಲೆಳೆಯಂಥ, ಬಲೆಬಲೆಯಾದ ಗೆರೆಗಳು ಸಾಮಾನ್ಯ. ನಮ್ಮ ಬಿಸಿಲಿಗೆ ಗಾರೆ ಬೇಗ ಒಣಗಿ ಹಾಗಾಗುತ್ತದೆ. ನೋಡಬೇಕಾದದ್ದು ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಹೊರಟ ಬಿರುಕನ್ನು. ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸಣ್ಣ ಇದ್ದರೆ ಮನೆಯ ಒಂದು ಭಾಗ ಕೂತಿದೆ ಅಥವಾ ಎದ್ದಿದೆ ಎಂಬ ಗುಮಾನಿ ಪಡಬೇಕು. ಅದೇ ಬಿರುಕು ಗೋಡೆಯ ಹೊರಗಡೆಯೂ ಕಂಡರೆ ಅದು ಬರೀ ಗಾರೆಯದಲ್ಲ, ಗೋಡೆಯದೇ.

ಮನೆಯ ಎಲ್ಲ ಬಾಗಿಲುಗಳನ್ನೂ ಒಂದೊಂದಾಗಿ ಹಾಕಿ ತೆಗೆಯಿರಿ. ಚೌಕಟ್ಟು ಓರೆಯಾಗಿದ್ದರೆ ಬಾಗಿಲು ಒಂದು ಮೂಲೆಯಲ್ಲಿ ಹಿಡಿಯುತ್ತದೆ. ಮಕ್ಕಳ ಗೋಲಿಯೊಂದನ್ನು ಕೋಣೆಯ ನಡುವೆ ಬಿಡಿ. ನಾಲ್ಕೂ ಕೋಣೆಗಳಲ್ಲಿ ಒಂದೇ ದಿಕ್ಕಿಗೆ ಓಡಿದರೆ ಯೋಚಿಸಬೇಕಾದ್ದೇ. ರೂಪಾಯಿ ನಾಣ್ಯದಿಂದ ಗೋಡೆಯನ್ನೂ ನೆಲದ ಹಾಸನ್ನೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಒಂದು ಸದ್ದು, ಒಳಗೆ ಬಿಟ್ಟುಕೊಂಡಿದ್ದರೆ ಖಾಲಿ ಡಬ್ಬಿಯ ಸದ್ದು. ತೆಂಗಿನಕಾಯಿ ಆರಿಸುವವರಿಗೆ ಇದನ್ನು ಹೇಳಿಕೊಡಬೇಕೇ?

ಸಾಧ್ಯವಾದರೆ ಮನೆಯನ್ನು ಎರಡು ಸಲ ನೋಡಿ, ಬಿರು ಬೇಸಿಗೆಯಲ್ಲಿ ಒಮ್ಮೆ, ನಾಲ್ಕು ಮಳೆ ಬಿದ್ದ ಮೇಲೆ ಒಮ್ಮೆ. ಅಷ್ಟು ಸಮಯವಿಲ್ಲದಿದ್ದರೆ ಬಿರುಕಿನ ಎರಡೂ ಕೊನೆಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಖು ಬರೆದು ಬನ್ನಿ. ತಿಂಗಳು ಬಿಟ್ಟು ಹೋದಾಗ ಬಿರುಕು ಗೆರೆ ದಾಟಿದ್ದರೆ ಅದು ಇನ್ನೂ ಬೆಳೆಯುತ್ತಿದೆ ಎಂದಾಯಿತು. ಬೇರೆಲ್ಲಾ ಹಳೇ ಬಣ್ಣ, ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ ಇದ್ದರೆ 'ಯಾಕ್ರೀ ಇದೊಂದಕ್ಕೆ?' ಎಂದು ಕೇಳಲು ನಾಚಬೇಡಿ.

ಹೊಸದಾಗಿ ಕಟ್ಟುತ್ತಿರುವ ಮನೆಯನ್ನೇ ಕೊಳ್ಳುವುದಾದರೆ ಇನ್ನೂ ಒಳ್ಳೆಯದು, ಪರೀಕ್ಷೆ ಸುಲಭ. ಎರಡು ಇಟ್ಟಿಗೆ ಒಂದಕ್ಕೊಂದು ತಟ್ಟಿದರೆ ಕಂಚಿನಂತೆ ಸದ್ದು ಬರಬೇಕು. ಉಗುರಿನಿಂದ ಕೆರೆದರೆ ಪುಡಿ ಉದುರಬಾರದು. ಮರಳನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ ಒಂದೆರಡು ತಾಸು ಬಿಡಿ. ಮೇಲೆ ಮಣ್ಣಿನ ಪದರ ದಪ್ಪಗೆ ಕೂತರೆ ಆ ಮರಳು ಬೇಡ. ಎಲ್ಲಕ್ಕಿಂತ ಮುಖ್ಯ, ನೀರು ಹೊಡೆಯುವುದು. ಬಿಸಿಲು ಒಣಹವೆ ಇದ್ದಲ್ಲಿ ಕಾಂಕ್ರೀಟನ್ನು ಕಡಿಮೆಯೆಂದರೂ ಹತ್ತು ದಿನ ಒದ್ದೆಯಾಗಿಡಬೇಕು. ಬೂದಿ ಬೆರೆಸಿದ ಸಿಮೆಂಟಾದರೆ ಹದಿನಾಲ್ಕು ದಿನ ಇಟ್ಟರೆ ಒಳ್ಳೆಯದು. ನೀರಿಗೆ ಬರವಿರುವ ನಮ್ಮೂರಿನಲ್ಲಿ ಕಳ್ಳಾಟ ನಡೆಯುವುದು ಹೆಚ್ಚಾಗಿ ಇಲ್ಲಿಯೇ.

ಮೇಲೊಂದು ಮಹಡಿಯ ಆಸೆ

'ಈಗ ಕೆಳಗಿನದನ್ನು ಕೊಳ್ಳೋಣ, ಮುಂದೆ ಮೇಲೆ ಎರಡು ಮನೆ ಎತ್ತಿದರೆ ಮೂರು ಬಾಡಿಗೆ' ಎಂಬ ಆಸೆ ಎಲ್ಲರಿಗೂ ಇರುತ್ತದೆ. ಪಾಯವೂ ಪಿಲ್ಲರುಗಳೂ ಮೂರು ಅಂತಸ್ತಿಗೆಂದು ಹಾಕಿದವೇ? ನಕ್ಷೆಗೆ ಮಂಜೂರಾತಿ ಎಷ್ಟು ಅಂತಸ್ತಿಗೆ ಸಿಕ್ಕಿದೆ? ಮಾಳಿಗೆಯ ಮೇಲೆ ಮುಂದಕ್ಕೆಂದು ಬಿಟ್ಟ ಕಂಬಿಗಳು ವರ್ಷಗಟ್ಟಲೆ ಮಳೆ ಬಿಸಿಲಿಗೆ ತುಕ್ಕು ಹಿಡಿದು ಸವೆದಿದ್ದರೆ ಅವುಗಳ ಮೇಲೆ ಏನನ್ನೂ ನಂಬುವ ಹಾಗಿಲ್ಲ. ಸೂರಿನ ಒಳಮೈಯಲ್ಲಿ ಕಂದು ಕಲೆ, ಉದುರಿದ ಕಾಂಕ್ರೀಟು, ಕಾಣುವ ಕಂಬಿ ಇದ್ದರೂ ಅಷ್ಟೇ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಹಾಡಹಗಲೇ ಕುಸಿದು 19 ಜನ ಪ್ರಾಣ ಕಳೆದುಕೊಂಡರು. ಕೆಳಗೆ ಆಗಲೇ ಅಂಗಡಿಗಳು ನಡೆಯುತ್ತಿದ್ದವು. ಬಾಡಿಗೆ ಮನೆಯ ಒಡತಿಯಾಗುವುದೆಂದರೆ ಬೇರೆಯವರ ಮಕ್ಕಳು ನಮ್ಮ ಸೂರಿನಡಿ ಮಲಗುತ್ತವೆ ಎಂದರ್ಥ. ಅದಕ್ಕಾಗಿ, ಮಾರುವವರ ಕಡೆಯವನಲ್ಲದ ಒಬ್ಬ ಇಂಜಿನಿಯರನ್ನು ಕರೆದೊಯ್ದು ತೋರಿಸಿ, ಬರೆಸಿಕೊಳ್ಳಿ. 30 ಲಕ್ಷ ಹಾಕುವಲ್ಲಿ ಅವರ ಫೀಸು ಒಂದು ಒಳ್ಳೆಯ ಸೀರೆಯ ಖರ್ಚು ಎಂದುಕೊಳ್ಳಿ.

ವಾಸ್ತು ನೋಡುವವರು ನೋಡಿಸಿಕೊಳ್ಳಲಿ, ನನ್ನ ಅಡ್ಡಿಯಿಲ್ಲ. ಬಾಡಿಗೆಗೆ ಬರುವವರೂ ಕೇಳುತ್ತಾರೆ. ಆದರೆ ಬಾಗಿಲು ಯಾವ ದಿಕ್ಕಿಗಿದ್ದರೂ ಎರೆಮಣ್ಣು ಉಬ್ಬುವುದು ಬಿಡುವುದಿಲ್ಲ!

ನೀರು, ಬಚ್ಚಲು, ಮೀಟರು

ಬಳ್ಳಾರಿ ನಗರಕ್ಕೆ ತುಂಗಭದ್ರಾ ಕಾಲುವೆಯ ನೀರನ್ನು ಅಲ್ಲೀಪುರದ ಕೆರೆಯಲ್ಲಿ ತುಂಬಿಟ್ಟುಕೊಂಡು ಕೊಡುತ್ತಾರೆ. ಬೇಸಿಗೆಯಲ್ಲಿ ಕಾಲುವೆ ನಿಲ್ಲುತ್ತದೆ, ಕೂಡಿಟ್ಟ ನೀರಿನಲ್ಲೇ ದಿನ ನೂಕಬೇಕು. ನಲ್ಲಿಯಲ್ಲಿ ನಿತ್ಯ ನೀರು ಕಾಣದ ಬಡಾವಣೆಗಳು ಎಷ್ಟೋ. ಆದ್ದರಿಂದ 'ನಲ್ಲಿ ಇದೆಯೇ' ಎಂದು ಕೇಳಬೇಡಿ, 'ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ, ಎಷ್ಟು ತಾಸು' ಎಂದು ಕೇಳಿ. ಅದೂ ಮಾರುವವರನ್ನಲ್ಲ, ಪಕ್ಕದ ಮನೆಯಾಕೆಯನ್ನು. ಸಂಪು ಎಷ್ಟು ದೊಡ್ಡದು? ನಾಲ್ಕು ಜನರ ಸಂಸಾರಕ್ಕೆ ಮುಂದಿನ ಸರದಿಯವರೆಗೆ ಸಾಕೇ? ಬೋರಿನ ನೀರನ್ನು ಬಾಯಿಗೆ ಹಾಕಿ ನೋಡಿ. ಉಪ್ಪುನೀರಾದರೆ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ನಲ್ಲಿಗಳು ಬೆಳ್ಳಗೆ ಕಟ್ಟಿಕೊಳ್ಳುತ್ತವೆ. ಮೂರು ತಿಂಗಳಿಗೇ ಸಂಸಾರ ಜಾಗ ಬಿಡುತ್ತದೆ.

ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು ನಿಂತು ನೋಡಿ. ಒಂದೆರಡು ನಿಮಿಷದಲ್ಲಿ ಬರಿದಾಗಬೇಕು, ಮೂಲೆಯಲ್ಲಿ ನಿಲ್ಲಬಾರದು. ಬಚ್ಚಲಿನ ಗೋಡೆಯ ಹಿಂಬದಿಯ ಕೋಣೆಗೆ ಹೋಗಿ ತೇವವಿದೆಯೇ ಕೈಯಿಟ್ಟು ನೋಡಿ. ಮನೆಯ ಕೊಳೆನೀರು ಒಳಚರಂಡಿಗೆ ಸೇರುತ್ತದೋ, ಹಿತ್ತಲ ಗುಂಡಿಗೋ? ಗುಂಡಿಯಾದರೆ ಅದು ಬೋರಿನಿಂದ ಎಷ್ಟು ದೂರ?

ಇನ್ನು ಕರೆಂಟಿನ ಮೀಟರು. 2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರಿಗೂ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ 200 ಯೂನಿಟ್ಟಿನ ಒಳಗೆ ಉಚಿತ ವಿದ್ಯುತ್ ಉಂಟು. ಆದರೆ ಅದು ಮೀಟರಿಗೊಂದರಂತೆ. ಎರಡು ಮೂರು ಸಂಸಾರಗಳಿಗೆ ಒಂದೇ ಮೀಟರಿದ್ದರೆ ಬಳಕೆ ಮಿತಿ ದಾಟುತ್ತದೆ, ತಿಂಗಳ ಕೊನೆಗೆ ಬಿಲ್ಲಿನ ಜಗಳ ಒಡತಿಯ ಬಾಗಿಲಿಗೆ ಬರುತ್ತದೆ. ಪ್ರತಿ ಮನೆಗೂ ಜೆಸ್ಕಾಂನ ಬೇರೆ ಮೀಟರಿರುವ ಕಟ್ಟಡಕ್ಕೆ ಈಗ ಅದಕ್ಕೇ ಬೇಡಿಕೆ. ಹಿಂದಿನ ಮಾಲೀಕರ ಬಾಕಿ ಬಿಲ್ಲು, ನೀರಿನ ಕಂದಾಯ, ಮನೆ ಕಂದಾಯದ ರಸೀತಿಗಳನ್ನೂ ಕೇಳಿ ನೋಡಿ.

ಬಿಸಿಲು ಮತ್ತು ಧೂಳು

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಗೆಯಾಡುವುದುಂಟು. ಮನೆ ನೋಡಲು ತಂಪುಹೊತ್ತಿನಲ್ಲಿ ಕರೆದೊಯ್ಯುವುದು ದಲ್ಲಾಳಿಗಳ ಜಾಣತನ. ನೀವು ಮಧ್ಯಾಹ್ನ ಮೂರು ಗಂಟೆಗೆ ಹೋಗಿ. ಅಡಿಗೆಮನೆಯಲ್ಲಿ ಹತ್ತು ನಿಮಿಷ ನಿಲ್ಲಿ. ಎದುರುಬದುರು ಕಿಟಕಿಗಳಿವೆಯೇ, ಗಾಳಿ ಆಡುತ್ತದೆಯೇ, ಒಗ್ಗರಣೆಯ ಘಾಟು ಹೊರಗೆ ಹೋಗಲು ದಾರಿಯಿದೆಯೇ ನೋಡಿ. ಮೇಲಂತಸ್ತಾದರೆ ಸೂರಿಗೆ ಕೈಯೆತ್ತಿ ಹಿಡಿದರೆ ಬಿಸಿ ತಾಗುತ್ತದೆಯೇ? ಮಾಳಿಗೆಗೆ ಬಿಳಿ ಸುಣ್ಣವೋ ಬಿಳಿ ಹೆಂಚುಬಿಲ್ಲೆಯೋ ಹಾಕಿಸಿದರೆ ಎಷ್ಟೋ ತಂಪಾಗುತ್ತದೆ, ಖರ್ಚೂ ಹೆಚ್ಚಲ್ಲ.

ಕಿಟಕಿಯ ಕಟ್ಟೆಯನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಕಾರ್ಖಾನೆಗಳ ದಿಕ್ಕಿನ ಗಾಳಿ ಬೀಸುವ ಕಡೆ ಬಟ್ಟೆ ಕಪ್ಪಗಾಗುತ್ತದೆ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಬಗಲಲ್ಲಿದ್ದರೆ ಹೊಟ್ಟಿನ ಬೂದಿ ಹಾರಿ ಬಂದು ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಬಟ್ಟೆ, ಹಪ್ಪಳ, ಮೆಣಸಿನಕಾಯಿ ಒಣಗಿಸಲು ಜಾಗವಿಲ್ಲದ ಮನೆಯಲ್ಲಿ ನಾವಿರುತ್ತೇವೆಯೇ? ಬಾಡಿಗೆಗೆ ಬರುವವಳೂ ಇರುವುದಿಲ್ಲ.

ಬಾಡಿಗೆಗೆ ಬರುವವರು ಯಾರು?

ಮನೆ ಎಷ್ಟೇ ಚೆನ್ನಾಗಿರಲಿ, ಬರುವವರು ಬೇಕಲ್ಲ. ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು (ಜನ ಇನ್ನೂ ವಿಮ್ಸ್ ಎಂದೇ ಕರೆಯುತ್ತಾರೆ), 2010ರಲ್ಲಿ ಆರಂಭವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಕೋರ್ಟು ಕಚೇರಿಗಳು, ಜೀನ್ಸ್ ಹೊಲಿಯುವ ಘಟಕಗಳು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಡತಿನಿಯ ವಿದ್ಯುತ್ ಸ್ಥಾವರಕ್ಕೆ ಹೋಗಿಬರುವವರು ಹೀಗೆ ಹಲವು ಬಗೆಯ ಜನ. ಸಿರುಗುಪ್ಪದಲ್ಲಿ ಶಿಕ್ಷಕರು, ಬ್ಯಾಂಕಿನವರು, ಗಿರಣಿ ವ್ಯಾಪಾರದವರು. ಕುರುಗೋಡು ತಾಲ್ಲೂಕು ಕೇಂದ್ರವಾದ ಮೇಲೆ ಕಚೇರಿ ನೌಕರರಿಗೆ ಮನೆ ಬೇಕಾಗುತ್ತದೆ. ಆದರೆ ಬಳ್ಳಾರಿ ಹತ್ತಿರವಾದ್ದರಿಂದ ಬಸ್ಸಿನಲ್ಲಿ ಓಡಾಡಿಕೊಂಡಿರುವವರೂ ಇದ್ದಾರೆ. ಅಲ್ಲಿ ಒಂದು ದೊಡ್ಡ ಮನೆಗಿಂತ ಎರಡು ಸಣ್ಣ ಅಚ್ಚುಕಟ್ಟಾದ ಮನೆ ಬೇಗ ತುಂಬುತ್ತವೆ.

ಒಂದೇ ಕಸುಬನ್ನು ನಂಬಿ ಮನೆ ಕೊಳ್ಳುವುದು ಒಂಟಿಕಾಲಿನ ಮಣೆಯ ಮೇಲೆ ಕೂತ ಹಾಗೆ. ಕಬ್ಬಿಣದ ಅದಿರಿಗೆ ಚಿನ್ನದ ಬೆಲೆ ಬಂದಿದ್ದ ವರ್ಷಗಳನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ಗಣಿ ಕಂಪನಿಗಳ ಕಚೇರಿಗೆ, ವಸತಿಗೆ ಎಂದು ಕೇಳಿದಷ್ಟು ಬಾಡಿಗೆ ಕೊಟ್ಟವರುಂಟು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅದನ್ನೇ ನಂಬಿದ್ದ ಮನೆಗಳ ಮುಂದೆ 'ಬಾಡಿಗೆಗೆ ಇದೆ' ಬೋರ್ಡು ತೂಗಿದವು. ಆಸ್ಪತ್ರೆ, ಶಾಲೆ, ಬಸ್ಸು, ಸಂತೆ ಹತ್ತಿರವಿದ್ದ ಸಾಧಾರಣ ಮನೆಗಳಿಗೆ ಮಾತ್ರ ಜನ ಬರುತ್ತಲೇ ಇದ್ದರು. ಆದ್ದರಿಂದ ಕೇಳಿಕೊಳ್ಳಿ, ಇವತ್ತಿನ ಬಾಡಿಗೆದಾರರ ಬಗೆಯವರು ನಾಳೆ ಬಾರದಿದ್ದರೆ ಮತ್ತಾರು ಬರುತ್ತಾರೆ?

'ಈಗಲೇ 12,000 ಬರುತ್ತಿದೆ' ಎಂದರೆ ಬಾಡಿಗೆದಾರಳನ್ನೇ ಕಂಡು ಮಾತಾಡಿ. ಕೊಳ್ಳುವವರಿಗೆ ತೋರಿಸಲೆಂದೇ ಹೆಚ್ಚು ಬರೆಸಿಕೊಂಡ ಕರಾರುಗಳೂ ಇರುತ್ತವೆ. ಮೂರು ವರ್ಷದಲ್ಲಿ ಎಷ್ಟು ಸಂಸಾರ ಬಂದುಹೋದವು ಎಂದು ಹಾಲಿನವನನ್ನು, ಗ್ಯಾಸ್ ಸಿಲಿಂಡರ್ ತರುವವನನ್ನು, ಮೂಲೆಯ ಕಿರಾಣಿ ಅಂಗಡಿಯವರನ್ನು ಕೇಳಿ. ಅವರಿಗೆ ಗೊತ್ತಿಲ್ಲದ್ದಿಲ್ಲ. ಬಾಡಿಗೆದಾರರು ಭೋಗ್ಯದ ಮೇಲಿದ್ದರೆ ಅವರು ಕೊಟ್ಟ ಲಕ್ಷಗಳನ್ನು ನಾಳೆ ಹಿಂತಿರುಗಿಸುವವರು ಯಾರು ಎಂಬುದು ಕ್ರಯದ ಮಾತಿನಲ್ಲೇ ಇತ್ಯರ್ಥವಾಗಿ, ಬೆಲೆಯಲ್ಲಿ ಕಳೆದು, ಕಾಗದಕ್ಕೆ ಬರಬೇಕು.

ಕಾಗದ ಪತ್ರ

ಗೋಡೆ ಗಟ್ಟಿಯಿದ್ದು ಕಾಗದ ಸಡಿಲವಿದ್ದರೂ ಮನೆ ನಿಲ್ಲದು. ಈಗ ಇ-ಖಾತೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಅದರಲ್ಲಿ ಬರೆದ ಅಳತೆಯೂ ಮನೆಯ ಅಳತೆಯೂ ಒಂದೇ ಇದೆಯೇ ಎಂದು ಟೇಪು ಹಿಡಿದು ನೋಡಿ. ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರವನ್ನು, ಅಂದರೆ ಇ.ಸಿ.ಯನ್ನು, ಕಡೇಪಕ್ಷ 30 ವರ್ಷದ್ದು ತೆಗೆಸಿ. ಹೊಲವನ್ನು ನಿವೇಶನ ಮಾಡಿದ್ದಾದರೆ ಭೂಪರಿವರ್ತನೆಯ ಆದೇಶ, ಬಡಾವಣೆಯ ಮಂಜೂರಾದ ನಕ್ಷೆ ಕೇಳಿ. ಸರ್ಕಾರದಿಂದ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಕಾಯಿದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ಊರ್ಜಿತವಲ್ಲ.

ಪಿತ್ರಾರ್ಜಿತ ಆಸ್ತಿಯಾದರೆ ಅಣ್ಣತಮ್ಮಂದಿರ ಸಹಿ ಇದ್ದರೆ ಸಾಲದು. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಾದ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೂ ಸ್ಪಷ್ಟಗೊಳಿಸಿತು. ಮಾರುವವರ ಅಕ್ಕತಂಗಿಯರನ್ನು ಕೇಳಿದ್ದಾರೆಯೇ ಎಂದು ವಿಚಾರಿಸುವುದು ನಮ್ಮ ಹಣದ ಕ್ಷೇಮಕ್ಕೂ ಬೇಕು, ಇನ್ನೊಂದು ಹೆಣ್ಣಿನ ಪಾಲನ್ನು ನಾವು ಕೊಳ್ಳುತ್ತಿಲ್ಲ ಎಂಬ ಮನಸ್ಸಿನ ನೆಮ್ಮದಿಗೂ ಬೇಕು. ಹಾಗೆಯೇ, ನಿಮ್ಮ ಒಡವೆ ಆ ಮನೆಗೆ ಹೋಗುವುದಾದರೆ ಕ್ರಯಪತ್ರದಲ್ಲಿ ನಿಮ್ಮ ಹೆಸರೂ ಇರಲಿ. ಕೇಳಲು ಸಂಕೋಚ ಬೇಡ. ಎಲ್ಲ ಕಾಗದವನ್ನೂ ಮಾರುವವರ ವಕೀಲರಲ್ಲದ ಬೇರೊಬ್ಬ ವಕೀಲರಿಗೆ ತೋರಿಸಿ.

ಮನೆ ನೋಡಲು ಹೋಗುವಾಗ ಚೀಲದಲ್ಲಿ ಇರಲಿ

ಒಂದು ಟಾರ್ಚು, ಒಂದು ಗೋಲಿ, ಒಂದು ರೂಪಾಯಿ ನಾಣ್ಯ, ಪೆನ್ಸಿಲು, ಅಳತೆಯ ಟೇಪು, ಬಿಳಿ ಬಟ್ಟೆಯ ತುಂಡು, ಬೋರಿನ ನೀರು ತುಂಬಿ ತರಲು ಒಂದು ಬಾಟಲಿ. ಆ ನೀರಿನಲ್ಲಿ ಮನೆಯಲ್ಲಿ ಒಂದು ಹಿಡಿ ತೊಗರಿಬೇಳೆ ಬೇಯಿಸಿ ನೋಡಿದರೆ ಅರ್ಧ ಉತ್ತರ ಸಿಕ್ಕಿತು! ಕಂಡದ್ದೆಲ್ಲವನ್ನೂ ಅಲ್ಲಿಯೇ ಬರೆದುಕೊಳ್ಳಿ. ಸಣ್ಣ ಕುಂದುಗಳು ಬೆಲೆ ಇಳಿಸಲು ನೆರವಾಗುತ್ತವೆ. ಕೆಟ್ಟ ಪಾಯ, ಇಲ್ಲದ ನೀರು, ಸರಿಯಿಲ್ಲದ ಕಾಗದ ಈ ಮೂರರಲ್ಲಿ ಒಂದಿದ್ದರೂ ಬೆಲೆ ಎಷ್ಟು ಇಳಿದರೂ ಕೈಮುಗಿದು ಬನ್ನಿ.

'ಮುಂಗಡ ಇವತ್ತೇ ಕೊಡದಿದ್ದರೆ ನಾಳೆ ಬೇರೆಯವರ ಪಾಲಾಗುತ್ತದೆ' ಎಂದು ಅವಸರ ಮಾಡುವವರು ಎಲ್ಲಾ ಊರಲ್ಲೂ ಇದ್ದಾರೆ. ಆಗಲಿ ಬಿಡಿ. ಒಂದು ಸೀರೆ ಕೊಳ್ಳಲು ನಾಲ್ಕು ಅಂಗಡಿ ಹತ್ತಿ ಇಳಿಯುವವರು ನಾವು. ಸೆರಗು ಬಿಡಿಸಿ, ಬೆಳಕಿಗೆ ಹಿಡಿದು, ನೂಲು ಉಜ್ಜಿ ನೋಡುವವರು. ಒಂದು ಜನ್ಮದ ಉಳಿತಾಯ ಹಾಕುವ ಮನೆಗೂ ಅದೇ ಕಣ್ಣು, ಅದೇ ತಾಳ್ಮೆ ಇರಲಿ. ಮುಂದಿನ ಸಲ ಯಜಮಾನರು 'ಒಂದು ಮನೆ ನೋಡಿ ಬರ್ತೀನಿ' ಎಂದು ಚಪ್ಪಲಿ ಮೆಟ್ಟಿದಾಗ, 'ಸ್ವಲ್ಪ ತಡೀರಿ, ನಾನೂ ಬರ್ತೀನಿ' ಅನ್ನಿ.